ಕೋಚ್ ಸಾಹೇಬರ ಬಲಮಂಡಿ

ಆ ಮನುಷ್ಯ ನಮ್ಮ ಕ್ಲಿನಿಕ್ಕಿನ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದರು. ಬಾಗಿಲು ಸಣ್ಣದೇನಲ್ಲ, ಗಾಲಿಕುರ್ಚಿ ಸಲೀಸಾಗಿ ದಾಟುತ್ತದೆ. ಆದರೆ ಆ ಭುಜ, ಭುಜದ ಕೆಳಗೆ ಎರಡು ಊರುಗೋಲು, ಎಲ್ಲ ಒಟ್ಟಿಗೆ ನೇರವಾಗಿ ಹಿಡಿಸುವಂತಿರಲಿಲ್ಲ. ಬಲಮಂಡಿಗೆ ಕೃತಕ ಕೀಲು ಕೂರಿಸಿ ಸ್ವಲ್ಪ ದಿನವಷ್ಟೇ ಆಗಿತ್ತು. ನಾನು ಎದ್ದು ನಿಂತರೆ ನನ್ನ ತಲೆ ಅವರ ಅಂಗಿಯ ಜೇಬಿನ ಎತ್ತರಕ್ಕೆ ಬಂತು. ಇವರು ಜಾರಿ ನನ್ನ ಮೇಲೆ ಬಿದ್ದರೆ ಆಮೇಲೆ ನನ್ನ ಮಂಡಿ ನೋಡುವವರು ಯಾರು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕೊಲ್ಲಿ ದೇಶದ ಈ ಫಿಂಟಾಸ್ ಊರಿನಲ್ಲಿ ಸಮುದ್ರದ ಕಡೆ ಹೋಗುವ ರಸ್ತೆಯ ಈ ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಕೌಂಟರಿನಲ್ಲಿ ಕೂರುವವರು ಮಂಗಳೂರಿನ ಕೊಂಕಣಿ ಮನೆಮಾತಿನ ಹೆಂಗಸು. ನನಗಿಂತ ಹಿರಿಯರು, ಹಾಗಾಗಿ ನಾನು ಅಕ್ಕ ಎಂದೇ ಕರೆಯುವುದು. ಫೈಲನ್ನು ನನ್ನ ಕೈಗೆ ಕೊಡುತ್ತಾ ಅಕ್ಕ ಪಿಸುಗುಟ್ಟಿದರು.

“ಹಿಂದಿನ ಕೆಲಸ ಲೈನ್‌ಮನ್ ಅಂತ ಬರ್ದಿದ್ದಾರೆ ಡಾಕ್ಟ್ರೇ. ಪಾಪ, ಕರೆಂಟ್ ಕಂಬದಿಂದ ಬಿದ್ದದ್ದು ಕಾಣ್ತದೆ.”

ನಾನೂ ಹಾಗೆಯೇ ನಂಬಿ, ಎಷ್ಟು ಎತ್ತರದಿಂದ ಬಿದ್ದಿರಿ ಎಂದು ಕೇಳಿಬಿಟ್ಟೆ. ಅವರು ನಕ್ಕ ನಗುವಿಗೆ ಮಂಚವೇ ಅಲುಗಾಡಿತು. “ನಾನು ಬಿದ್ದದ್ದು ಕಡಿಮೆ ಭಾಯಿ, ಬೇರೆಯವರನ್ನು ಬೀಳಿಸಿದ್ದು ಜಾಸ್ತಿ” ಎಂದರು. ಭಾಯಿ ಎನ್ನುವ ಪದ ಅವರಿಗೆ ಶಾಲೆಯ ಬಸ್ ಡ್ರೈವರಿಂದ ಬಂದದ್ದು. ಉಳಿದದ್ದೆಲ್ಲ ಇಂಗ್ಲಿಷು, ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಈಗ ಎಗೈಲಾದ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು. ಶುಕ್ರವಾರಗಳಲ್ಲಿ ಹವ್ಯಾಸಿ ಹುಡುಗರ ತಂಡವೊಂದಕ್ಕೆ ಕೋಚ್. ಅದಕ್ಕೂ ಮೊದಲು ತಮ್ಮ ದೇಶ ಕೆನಡಾದಲ್ಲಿ ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವರು. ನಮ್ಮ ಫುಟ್‌ಬಾಲ್ ಬೇರೆ, ಅದು ಬೇರೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಮೆರಿಕದವರ ಆಟಕ್ಕೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಕೆನಡಾದವರ ಮೈದಾನ ಇನ್ನೂ ದೊಡ್ಡದು, ಆಟಗಾರ ಒಬ್ಬ ಹೆಚ್ಚು, ಚೆಂಡನ್ನು ಮುಂದೊಯ್ಯಲು ಸಿಗುವ ಅವಕಾಶ ಒಂದು ಕಡಿಮೆ. ಚೆಂಡೆಸೆಯುವವನನ್ನು ಕಾಯಲು ಅವನ ಮುಂದೆ ಐದು ಜನ ಭಾರೀ ಆಳುಗಳು ಸಾಲಾಗಿ ನಿಲ್ಲುತ್ತಾರೆ. ಈ ಸಾಲಿನವರೇ ಲೈನ್‌ಮನ್‌ಗಳು, ಕರೆಂಟ್ ಕಂಬಕ್ಕೂ ಅವರಿಗೂ ಸಂಬಂಧವಿಲ್ಲ. ನಡುವಿನವನು ಸೆಂಟರ್. ಅವನು ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟರೆ ಆಟ ಶುರು. ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಎರಡು ತುದಿಗೆ ಇಬ್ಬರು ಟ್ಯಾಕಲ್. ನಮ್ಮ ಕೋಚ್ ಎಡತುದಿಯ ಟ್ಯಾಕಲ್ ಆಗಿದ್ದರು. ಎದುರಾಳಿ ನುಗ್ಗಿ ಬರುವಾಗ ಇವರು ಹಿಂದೆ ಹಿಂದೆ ಸರಿಯುತ್ತಾ ಅವನಿಗೆ ಅಡ್ಡ ನಿಲ್ಲಬೇಕು. ಇಷ್ಟು ವರ್ಷ ಆಡಿದರೂ ಧ್ವನಿವರ್ಧಕದಲ್ಲಿ ಅವರ ಹೆಸರು ಕೇಳಿಸುತ್ತಿದ್ದದ್ದು ಫೌಲ್ ಮಾಡಿದಾಗ ಮಾತ್ರ. ಅದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಂಡರು.

ಆಮೇಲೆ ನನಗೆ ಅವರ ಮೇಲೆ ಜೀವ ಅಂಟಿಕೊಳ್ಳುವಂತೆ ಮಾಡಿದ ಪ್ರಶ್ನೆ ಕೇಳಿದರು.

“ಬೇಸಿಗೆ ರಜೆಯ ಹೊತ್ತಿಗೆ ನಾನು ಒಬ್ಬ ಮನುಷ್ಯನ ಭಾರದ ನಾಲ್ಕರಲ್ಲೊಂದು ಪಾಲು ಹಿಡಿದುಕೊಂಡು ಮೆಟ್ಟಿಲು ಇಳಿಯಬೇಕು. ಹಿಂದುಹಿಂದಕ್ಕೆ. ಆಗ್ತದಾ?”

ಆ ಮನುಷ್ಯ ಅವರ ತಂಡದ ಸೆಂಟರ್. ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಹೋಗುವ ನರರೋಗ ಬಂದು ಈಗ ಗಾಲಿಕುರ್ಚಿಯಲ್ಲಿದ್ದಾನೆ. ಕೆನಡಾದಲ್ಲಿ ಒಂದು ಸರೋವರದ ದಡದಲ್ಲಿ ಅವನ ಬೇಸಿಗೆ ಮನೆಯಿದೆ. ಮನೆಯಿಂದ ನೀರಿಗೆ ಇಳಿಯಲು ಕಡಿದಾದ ಮರದ ಮೆಟ್ಟಿಲುಗಳು ಮಾತ್ರ. ಅವನಿಗೆ ಇನ್ನೊಮ್ಮೆ ನೀರಿನ ಹತ್ತಿರ ಹೋಗಬೇಕು, ಕಾಲು ಅದ್ದಬೇಕು. ಉಳಿದ ನಾಲ್ವರು ಲೈನ್‌ಮನ್‌ಗಳು ಸೇರಿ ಅವನನ್ನು ಕುರ್ಚಿ ಸಮೇತ ಇಳಿಸುವುದೆಂದು ತೀರ್ಮಾನವಾಗಿತ್ತು. ಮೇಲಿನ ಎರಡು ಮೂಲೆ ಗಾರ್ಡ್‌ಗಳದ್ದು, ಕೆಳಗಿನ ಎರಡು ಮೂಲೆ ಟ್ಯಾಕಲ್‌ಗಳದ್ದು.

“ಹಗ್ಗ, ಯಂತ್ರ ಏನಾದರೂ ಕಟ್ಟಬಹುದಲ್ಲ?” ಎಂದೆ.

“ಅವನು ಒಪ್ಪುವುದಿಲ್ಲ. ಈಗ ಅವನ ತೂಕ ಹೆಚ್ಚಿಲ್ಲ ಭಾಯಿ” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ನಷ್ಟೇ ಇದ್ದಾನೆ.”

ಮುಂದಿನ ಬೇಸಿಗೆಗೆ ಮುಂದೂಡೋಣ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಶಸ್ತ್ರಚಿಕಿತ್ಸೆ ಮಾಡಿದ ಈಜಿಪ್ಟಿನ ಸರ್ಜನ್ನರಿಗೆ ಫೋನ್ ಮಾಡಿದೆ. ಅವರು ಮೊದಲು ಬೈದರು, ಆಮೇಲೆ ಯೋಚಿಸಿದರು, ಕೊನೆಗೆ ಒಂದು ಶರತ್ತು ಹಾಕಿದರು. ಬಾವು ಇಳಿದು ಮತ್ತೆ ಏಳದಿದ್ದರೆ, ತೊಡೆಯ ಬಲ ಎಡಗಾಲಿನ ಹತ್ತಿರ ಬಂದರೆ, ಆಗ ನೋಡೋಣ. ಬಾವು ಎದ್ದರೆ ಖಲಾಸ್, ಸರೋವರವೂ ಇಲ್ಲ, ಮೆಟ್ಟಿಲೂ ಇಲ್ಲ.

ಮೊದಲ ವಾರಗಳ ಕೆಲಸ ಎಲ್ಲ ಮಂಡಿಗಳಿಗೂ ಒಂದೇ. ಹಿಮ್ಮಡಿಯ ಕೆಳಗೆ ಟವಲಿನ ಸುರುಳಿ ಇಟ್ಟು ಮಂಡಿಯನ್ನು ಮಂಚಕ್ಕೆ ಒತ್ತುವುದು, ಹಿಮ್ಮಡಿ ಜಾರಿಸುತ್ತಾ ಮಡಚುವುದು, ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವುದು. ಹೊಸ ಕೀಲು ಕೂತ ಮೇಲೆ ತೊಡೆಯ ಮುಂಭಾಗದ ಸ್ನಾಯು ಮುನಿಸಿಕೊಂಡ ಅಳಿಯನ ಹಾಗೆ ಒಂದು ಕಡೆ ಕೂತುಬಿಡುತ್ತದೆ. ಅದನ್ನು ರಮಿಸಿ ಎಬ್ಬಿಸಬೇಕು. ಮಂಡಿಯ ಸುತ್ತಳತೆ ಟೇಪಿನಲ್ಲಿ ಅಳೆಯುವುದು, ಕೋನ ನೋಡುವುದು, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳುವುದು. ನಾನು ಯಾವಾಗ ಕೇಳಿದರೂ ಕೋಚ್ ಹೇಳುತ್ತಿದ್ದದ್ದು ಒಂದೇ ಉತ್ತರ, ಎರಡು. ಮಂಡಿಯನ್ನು ಪೂರ್ತಿ ಒತ್ತಿ ಹಿಡಿದು ಅವರ ಹಣೆಯಲ್ಲಿ ಬೆವರಿನ ಹನಿ ಮೂಡಿದಾಗಲೂ ಎರಡು. ಗಟ್ಟಿ ಆಳು ಎಂದುಕೊಂಡೆ.

ಮುಂದಕ್ಕೆ ನಡೆಯುವುದು ಮಾತ್ರ ಸರಿಹೋಗಲಿಲ್ಲ. ಊರುಗೋಲು ಬಿಟ್ಟ ಮೇಲೂ ಬಲಗಾಲನ್ನು ಎಳೆದುಕೊಂಡೇ ನಡೆಯುತ್ತಿದ್ದರು. ಕನ್ನಡಿ ಇಟ್ಟೆ, ನೆಲದಲ್ಲಿ ಗೆರೆ ಎಳೆದೆ, ಟ್ರೆಡ್‌ಮಿಲ್ ಹತ್ತಿಸಿದೆ, ಏನೂ ಉಪಯೋಗವಾಗಲಿಲ್ಲ. ಒಂದು ದಿನ ಕೌಂಟರಿನಿಂದ ಅಕ್ಕ ಏನೋ ಕೇಳಿದರು. ಕೋಚ್ ಅವರ ಕಡೆ ಮುಖ ಇಟ್ಟುಕೊಂಡೇ ನನ್ನ ರೂಮಿನವರೆಗೆ ಹಿಂದುಹಿಂದಕ್ಕೆ ನಡೆದು ಬಂದರು. ಕುಂಟೇ ಇಲ್ಲ! ಎರಡೂ ಕಾಲಿಗೆ ಸಮಭಾರ, ಸೊಂಟ ಕೆಳಗೆ, ಬೆನ್ನು ನೆಟ್ಟಗೆ. ಜೀವಮಾನವೆಲ್ಲ ಹಿಂದಕ್ಕೆ ಸರಿಯುವುದನ್ನೇ ದುಡಿಮೆ ಮಾಡಿಕೊಂಡ ಮೈಗೆ ಹಿಂದಿನ ದಾರಿಯೇ ನೆನಪಿತ್ತು. ಹಿಂದಕ್ಕೆ ನಡೆಯುವಾಗ ಮಂಡಿಚಿಪ್ಪಿನ ಮೇಲೆ ಒತ್ತಡ ಕಡಿಮೆ ಬೀಳುತ್ತದೆ ಎಂದು ನಾನು ಓದಿಯೂ ಇದ್ದೆ. ಓದಿದ್ದು ನೆನಪಾಗಲು ಇಷ್ಟು ದಿನ ಬೇಕಾಯಿತು ನೋಡಿ.

ಅಂದಿನಿಂದ ಬಿಸಿಲೇರುವ ಮೊದಲು ಫಿಂಟಾಸಿನ ಕಡಲ ದಂಡೆಯಲ್ಲಿ ನಮ್ಮ ಸವಾರಿ. ಒದ್ದೆ ಮರಳಿನ ಮೇಲೆ ಬೆಟ್ಟದಂಥ ಮನುಷ್ಯ ಹಿಂದುಹಿಂದಕ್ಕೆ ಬರುತ್ತಿದ್ದರೆ ಅವರ ಎದುರಿಗೆ ಕೈಯಲ್ಲಿ ಪ್ಯಾಡ್ ಹಿಡಿದ ಕುಳ್ಳ ಮನುಷ್ಯ ಮುಂದಕ್ಕೆ. ವಾಕಿಂಗ್ ಬಂದವರು ನಿಂತು ನೋಡುತ್ತಿದ್ದರು. ಬೆನ್ನ ಹಿಂದೆ ಬೆಕ್ಕು ಬಂದರೂ ಕೋಚ್‌ಗೆ ಗೊತ್ತಾಗುತ್ತಿತ್ತು, ಸುತ್ತಿ ಹೋಗುತ್ತಿದ್ದರು. ನಡುನಡುವೆ ಹಳೆಯ ಕಥೆ ಹೇಳುವರು. ತೂಕ ಇಳಿಯಬಾರದೆಂದು ಹಸಿವಿಲ್ಲದಿದ್ದರೂ ತಿನ್ನಬೇಕಾಗಿದ್ದದ್ದು, ಹಿಮ ಬೀಳುವಾಗಲೂ ಲೈನ್‌ಮನ್‌ಗಳು ಹಟಕ್ಕೆ ಬಿದ್ದು ತೋಳಿಲ್ಲದ ಅಂಗಿಯಲ್ಲೇ ಆಡುತ್ತಿದ್ದದ್ದು, ಆಟವಿಲ್ಲದ ತಿಂಗಳುಗಳಲ್ಲಿ ಜನರ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಸೆಂಟರ್ ಗೆಳೆಯನೊಂದಿಗೆ ಕೆಲಸ ಮಾಡಿದ್ದು. “ನಾನು, ಅವನು ಸೇರಿ ಎಷ್ಟು ಪಿಯಾನೋ ಇಳಿಸಿದ್ದೇವೆ ಗೊತ್ತಾ! ಈಗ ಅವನನ್ನೇ ಇಳಿಸಬೇಕು” ಎಂದು ಒಮ್ಮೆ ಹೇಳಿ ಸಮುದ್ರದ ಕಡೆ ತಿರುಗಿ ನಿಂತರು. ನಾನು ಪ್ಯಾಡಿನಲ್ಲಿ ಏನೋ ಬರೆಯುವವನ ಹಾಗೆ ನಟಿಸಿದೆ.

ಮನೆಯಲ್ಲಿ ನನ್ನ ಮಗಳು ಅವರು ಆಡಿದ ಹಳೆಯ ಪಂದ್ಯವೊಂದರ ವಿಡಿಯೋ ಹುಡುಕಿ ಕೊಟ್ಟಳು. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲೇ. “ಅಪ್ಪಾ, ಡೋಂಟ್ ವಾಚ್ ದ ಬಾಲ್. ವಾಚ್ ಹಿಮ್!” ನೋಡೋಣವೆಂದರೆ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತಿತ್ತು. ಪ್ರತಿ ಬಾರಿಯೂ ಕೋಚ್ ಒಂದು ಕ್ಷಣ ಕಾಣಿಸಿ, ಎಡಗಾಲು ಹಿಂದಕ್ಕೆ ಹಾಕಿ, ಚೌಕಟ್ಟಿನಿಂದ ಮಾಯವಾಗುತ್ತಿದ್ದರು. ಅಷ್ಟು ನೋಡಿದ್ದರಲ್ಲೇ ನನಗೆ ಒಂದು ವಿಷಯ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕ್ಲಿನಿಕ್ಕಿನ ಕಟ್ಟಡದ ಹಿಂದಿನ ಮೆಟ್ಟಿಲುಗಳ ಮೇಲೆ ತರಬೇತಿ ಶುರು ಮಾಡಿದೆ. ಮೊದಲು ಬರಿಗೈಯಲ್ಲಿ, ಆಮೇಲೆ ಎರಡು ಕೈಯಲ್ಲೂ ನೀರಿನ ಕ್ಯಾನ್ ಹಿಡಿದು. ಹಿಂದುಹಿಂದಕ್ಕೆ ಇಳಿಯುವುದು ಅವರಿಗೆ ನೀರು ಕುಡಿದಷ್ಟು ಸುಲಭವಾಗಿ ಕಂಡಿತು. ನೋವು ಎಷ್ಟು? ಎರಡು. ನಾನು ಹಿರಿಹಿರಿ ಹಿಗ್ಗಿ ಭಾರ ಹೆಚ್ಚಿಸುತ್ತಾ ಹೋದೆ. ಸರ್ಜನ್ನರಿಗೆ ಫೋನ್ ಮಾಡಿ ಜಂಬವನ್ನೂ ಕೊಚ್ಚಿಕೊಂಡೆ.

ಒಂದು ಸಂಜೆ ಮಂಡಿ ಅಳೆಯಲು ಕುಳಿತಾಗ ಚರ್ಮದ ಮೇಲೆ ಅಂಟುಪಟ್ಟಿ ಕಿತ್ತ ಕೆಂಪು ಗೆರೆಗಳು ಕಂಡವು. ಪ್ಯಾಂಟಿನ ಆ ಭಾಗ ಒದ್ದೆಯಾಗಿತ್ತು. ಕೈಯಿಟ್ಟರೆ ಮಂಡಿ ಮೇಲೆ ತಣ್ಣಗೆ, ಒಳಗೆ ಕೆಂಡ. ಅಳತೆ ತೆಗೆದೆ. ತಿಂಗಳ ಹಿಂದೆ ಇದ್ದ ಬಾವು ಪೂರಾ ವಾಪಸ್ ಬಂದಿತ್ತು.

“ಇದೇನು ಕೋಚ್?”

ಅವರು ಛಾವಣಿ ನೋಡಿದರು. ವಿಚಾರಿಸಿದರೆ ಒಂದೊಂದೇ ಹೊರಗೆ ಬಂತು. ಪ್ರತಿ ಸಲ ಅರ್ಧ ಗಂಟೆ ಮೊದಲೇ ಬಂದು, ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕೂತು, ನೋವಿನ ಮಾತ್ರೆ ನುಂಗಿ, ಮಂಡಿಗೆ ಐಸ್ ಒತ್ತಿ, ಪಟ್ಟಿ ಬಿಗಿದು, ಬಾವು ಸ್ವಲ್ಪ ತಗ್ಗಿದ ಮೇಲೆ ಪಟ್ಟಿ ಕಿತ್ತು ಒಳಗೆ ಬರುತ್ತಿದ್ದರಂತೆ.

ನನಗೆ ಸಿಟ್ಟು ನೆತ್ತಿಗೇರಿತು. “ನನಗೆ ಯಾಕೆ ಹೇಳಲಿಲ್ಲ? ನಾನು ಎಂತ ಗೋಡೆಗೆ ಕೇಳ್ತಿದ್ನಾ ಇಷ್ಟು ದಿನ?” ಎಂದು ಕನ್ನಡದಲ್ಲೇ ಕಿರುಚಿದೆ. ಅರ್ಥ ಅವರಿಗೆ ಚೆನ್ನಾಗಿಯೇ ಆಯಿತು.

“ಬೋರ್ಡ್ ಹಿಡಿದುಕೊಂಡು ಎದುರಿಗೆ ನಿಂತವನಿಗೆ ಲೈನ್‌ಮನ್ ನೋವು ಹೇಳುವುದಿಲ್ಲ ಭಾಯಿ” ಎಂದರು ಮೆಲ್ಲಗೆ. “ಹೇಳಿದರೆ ಮರುದಿನ ಅವನ ಜಾಗದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ನಾವು ಪಟ್ಟಿ ಬಿಗಿದ ಮೇಲೆಯೇ ಡಾಕ್ಟರ ಮುಖ ನೋಡುತ್ತಿದ್ದದ್ದು.”

ಸರ್ಜನ್ನರಿಗೆ ತಿಳಿಸಲೇಬೇಕಿತ್ತು, ತಿಳಿಸಿದೆ. ಎರಡು ವಾರ ಭಾರ, ಮೆಟ್ಟಿಲು ಎಲ್ಲ ಬಂದ್. ಬಾವು ಇಳಿಯದಿದ್ದರೆ ಪ್ರಯಾಣದ ಮಾತೇ ಎತ್ತಬೇಡಿ ಎಂದರು. ಅದೇ ವಾರ ಗೆಳೆಯನಿಂದ ಕೋಚ್‌ಗೆ ಸಂದೇಶ ಬಂತು. ಅವನ ಮಾತು ತೊದಲತೊಡಗಿತ್ತು. ಕೋಚ್ ಅದನ್ನು ನನಗೆ ಕೇಳಿಸಿದರು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅವರಿಗೆ ಪೂರ್ತಿ ತಿಳಿಯಿತು.

ನನ್ನ ಹೆಂಡತಿ ಊಟ ಬಡಿಸುತ್ತಾ, “ನಿಮ್ಗೆ ಬೇರೆ ಪೇಷಂಟೇ ಇಲ್ವಾ ಮಾರಾಯ್ರೆ? ಮುಖ ನೋಡಿದ್ರೆ ಮಂಡಿ ನಿಮ್ದೇ ಅಂತ ಕಾಣ್ಬೇಕು” ಎಂದಳು. ಅವಳು ಹೇಳಿದ್ದು ಸರಿ. ಈ ಕೆಲಸದಲ್ಲಿ ಇಷ್ಟು ಹಚ್ಚಿಕೊಳ್ಳಬಾರದು. ಆದರೆ ಹಚ್ಚಿಕೊಂಡಾಗಿತ್ತು.

ಆ ಶುಕ್ರವಾರ ಎಗೈಲಾದ ಮೈದಾನಕ್ಕೆ ಹೋದೆ, ಕೋಚ್ ಹುಡುಗರಿಗೆ ತಮ್ಮ ಆಟ ಕಲಿಸುವುದನ್ನು ನೋಡೋಣವೆಂದು. ನಾನು ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಉಳಿದ ಆಟಗಾರರಿಗೆ ಅವರು ಎದುರಿಗೆ ನಿಂತು ಸೀಟಿ ಊದಿ ಪಾಠ ಹೇಳುತ್ತಿದ್ದರು. ಲೈನಿನ ಐದು ಹುಡುಗರ ಹತ್ತಿರ ಬಂದಾಗ ಮಾತ್ರ ಹಾಗೆ ಮಾಡಲಿಲ್ಲ. ಸಾಲಿನಲ್ಲಿ ಹೋಗಿ ತಾವೂ ನಿಂತರು, ಭುಜಕ್ಕೆ ಭುಜ ತಾಗಿಸಿ, ಅವರು ನೋಡುವ ಕಡೆಯೇ ನೋಡುತ್ತಾ. ತುಟಿ ಅಲ್ಲಾಡುತ್ತಲೇ ಇತ್ತು. ಆ ಐವರೂ ಪರಸ್ಪರ ಗೊಣಗುತ್ತಲೇ ಇದ್ದರು. ಹಿಂದಿನಿಂದ ಹತ್ತಿರ ಹೋಗಿ ಕಿವಿಗೊಟ್ಟೆ. ‘ನನ್ನ ಎಡಗಾಲು ಜಾರ್ತಿದೆ’, ‘ಇವನನ್ನು ನಾನು ತಡೀಲಾರೆ, ನೀನು ಈ ಕಡೆ ವಾಲು’, ‘ಕೈಬೆರಳು ಹೋಯ್ತು, ಬಲಗೈ ನಂಬಬೇಡ’. ಎದುರಿನವರಿಗೆ ಸುಳಿವು ಕೊಡದ ಗಂಡಸರು ಪಕ್ಕದವನಿಗೆ ತಮ್ಮ ಮೈಯ ಎಲ್ಲ ಗುಟ್ಟನ್ನೂ ಹೇಳಿಬಿಡುತ್ತಿದ್ದರು. ಹೇಳದಿದ್ದರೆ ಹಿಂದೆ ನಿಂತಿರುವ, ಚೆಂಡೆಸೆಯುವ ಹುಡುಗನ ಪಕ್ಕೆಲುಬು ಮುರಿಯುತ್ತದೆ.

ನಾನು ಇಷ್ಟು ತಿಂಗಳು ಕೋಚ್ ಎದುರಿಗೆ ಪ್ಯಾಡ್ ಹಿಡಿದು ನಿಂತಿದ್ದೆ. ನಮ್ಮ ಪಾಠವೇ ಹಾಗೆ, ಎದುರಿನಿಂದ ನೋಡಿ, ಮುಖಭಾವ ಗಮನಿಸಿ. ಇವರ ಮುಖ ಓದಲು ಎದುರಾಳಿಗಳೇ ಸೋತಿರುವಾಗ ನಾನು ಎಲ್ಲಿಯ ಲೆಕ್ಕ!

ಬಾವು ಇಳಿದು ಸರ್ಜನ್ ಮತ್ತೆ ಮೆಟ್ಟಿಲಿಗೆ ಒಪ್ಪಿದ ದಿನ ನಾನು ಪ್ಯಾಡನ್ನು ಅಕ್ಕನ ಕೈಯಲ್ಲಿ ಕೊಟ್ಟು ಬಂದೆ. ಕೋಚ್ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರ ಬಲಗಡೆ ಹೋಗಿ, ನನ್ನ ಭುಜವನ್ನು ಅವರ ಮೊಣಕೈಗೆ ತಾಗಿಸಿ ನಾನೂ ಗೋಡೆ ನೋಡುತ್ತಾ ನಿಂತೆ. ಅದು ಅವರ ಗಾರ್ಡ್ ನಿಲ್ಲುತ್ತಿದ್ದ ಜಾಗ. ಅವರು ಒಮ್ಮೆ ಕೆಳಗೆ ನನ್ನತ್ತ ನೋಡಿದರು, ನಕ್ಕರು.

“ಯಲ್ಲಾ, ಹೊರಡೋಣ” ಎಂದೆ. ಇಬ್ಬರೂ ಒಂದು ಮೆಟ್ಟಿಲು ಹಿಂದಕ್ಕೆ ಇಳಿದೆವು.

“ಐದು” ಎಂದರು ಕೋಚ್.

“ಎಲ್ಲಿ?”

“ಚಿಪ್ಪಿನ ಕೆಳಗೆ. ಎಡಗಾಲು ನೆಲ ಮುಟ್ಟುವ ಮೊದಲು.”

ಇನ್ನೊಂದು ಮೆಟ್ಟಿಲು. “ಏಳು.”

ನಾನು ನಿಂತೆ. ಎಡಗಾಲು ನೆಲ ಮುಟ್ಟುವ ಮೊದಲು! ಕೆಳಗೆ ನೋಡಿದೆ. ಆಡುವ ಕಾಲದಲ್ಲಿ ಎಡತುದಿಯ ಟ್ಯಾಕಲ್ ಪ್ರತಿ ಬಾರಿ ಮೊದಲು ಹಿಂದಕ್ಕೆ ಹಾಕುವುದು ಎಡಗಾಲು. ಆ ಹೊತ್ತಿಗೆ ಮೈಭಾರವನ್ನೆಲ್ಲ ಹೊತ್ತು ಮಡಚುವುದು ಬಲಮಂಡಿ. ವರ್ಷಗಟ್ಟಲೆ ಹಾಗೆ ಮಾಡಿಯೇ ಆ ಮಂಡಿ ಸವೆದದ್ದು. ಮೆಟ್ಟಿಲಿನಲ್ಲೂ ಅವರ ಕಾಲು ಅದೇ ಅಭ್ಯಾಸದಲ್ಲಿ ಇಳಿಯುತ್ತಿತ್ತು, ನಾನು ಮೇಲಿಂದ ನೀರಿನ ಕ್ಯಾನ್ ಹೇರುತ್ತಿದ್ದೆ. ಇಳಿಯುವಾಗ ಪೆಟ್ಟಾದ ಕಾಲು ಮೊದಲು ಎಂಬುದು ನಾವು ಮೊದಲ ದಿನ ಕಲಿಸುವ ಪಾಠ. ಮುಂದಕ್ಕೆ ಇಳಿಯುವುದಕ್ಕೆ ಕಲಿಸಿಯೂ ಇದ್ದೆ. ಹಿಂದಕ್ಕೆ ಇಳಿಯುವಾಗ ಇವರು ಎಷ್ಟು ಅಂದವಾಗಿ ಇಳಿಯುತ್ತಾರೆಂದು ಬಾಯಿಬಿಟ್ಟು ನೋಡುತ್ತಾ ನಿಂತವನಿಗೆ ಕಾಲು ಯಾವುದೆಂದು ಕಾಣಲೇ ಇಲ್ಲ.

“ಕೋಚ್, ಇನ್ನು ಮೇಲೆ ಬಲಗಾಲು ಮೊದಲು.”

ಅವರು ಗೋಡೆಯನ್ನೇ ನೋಡುತ್ತಾ ನಿಂತರು. “ನನ್ನನ್ನು ಬಲತುದಿಗೆ ಹಾಕುತ್ತಿದ್ದೀಯಲ್ಲ ಭಾಯಿ. ಒಬ್ಬ ಕೋಚ್ ಹಾಗೆ ಮಾಡಿದ್ದ. ಆ ಪಂದ್ಯದಲ್ಲಿ ನಮ್ಮ ಹುಡುಗ ಮೂರು ಸಲ ನೆಲಕ್ಕೆ ಬಿದ್ದ.”

“ಈಗ ಬೀಳುವುದು ನಿಮ್ಮ ಗೆಳೆಯ.”

ಆ ಮಾತು ಒರಟಾಯಿತೇನೋ. ಆದರೆ ಅವರು ಬಲಗಾಲು ಎತ್ತಿದರು. ಎತ್ತಿದ್ದೇ ತಡ ತೂಗಾಡಿ ಮೆಟ್ಟಿಲ ಕಂಬಿಯನ್ನು ಗಪ್ಪನೆ ಹಿಡಿದುಕೊಂಡರು. ಅಷ್ಟು ದೊಡ್ಡ ಆಟಗಾರ, ಒಂದು ಮೆಟ್ಟಿಲು ಇಳಿಯಲು, ಆಗತಾನೇ ನಡೆಯಲು ಕಲಿಯುವ ಮಗುವಿನ ಹಾಗೆ ಒದ್ದಾಡಿದರು. ಎಡಗೈಯಲ್ಲಿ ಬರೆಯಲು ಕಲಿತಂತೆ, ವಾರಗಟ್ಟಲೆ ಅದೊಂದೇ ಕೆಲಸ. ಮರೆತು ಎಡಗಾಲು ಹೋದರೆ ಮತ್ತೆ ಮೇಲೆ ಹತ್ತಿ ಮೊದಲಿನಿಂದ. ನಾನು ಪ್ರತಿ ಬಾರಿಯೂ ಪಕ್ಕದಲ್ಲೇ. ಮೂರು, ನಾಲ್ಕು, ಈಗ ಮೂರು, ಎಂದು ಅವರು ಗೊಣಗುತ್ತಿದ್ದರು. ಒಮ್ಮೆ, “ಭಾಯಿ, ಇವತ್ತು ಭಯ ಆಗ್ತಿದೆ” ಎಂದೂ ಹೇಳಿದರು. ಅದಕ್ಕೆ ನನ್ನ ಹತ್ತಿರ ಅಳತೆ ಇರಲಿಲ್ಲ. ಭುಜ ಇನ್ನಷ್ಟು ಒತ್ತಿ ನಿಂತೆ.

ಕಡೆಯ ಪರೀಕ್ಷೆಗೆ ಫಹಾಹೀಲಿನ ಮಾರುಕಟ್ಟೆಯಿಂದ ಗಟ್ಟಿಮುಟ್ಟಾದ ಕುರ್ಚಿ ತಂದು ಅಡಿಗೆ ಎರಡು ಕೋಲು ಕಟ್ಟಿದೆವು. ಮೇಲಿನ ಮೂಲೆಗಳಿಗೆ ನಾನು ಮತ್ತು ಅಕ್ಕನ ಗಂಡ, ಕೆಳಗೆ ಕೋಚ್ ಮತ್ತು ಕಟ್ಟಡ ನೋಡಿಕೊಳ್ಳುವ ಹಾರಿಸ್. ಮೊದಲು ಅಕ್ಕಿಯ ಮೂಟೆ ಕೂರಿಸಿದ್ದೆ. ಕೋಚ್ ಒಪ್ಪಲಿಲ್ಲ, ಮೂಟೆ ಅಲ್ಲಾಡುವುದಿಲ್ಲ, ಮನುಷ್ಯ ಅಲ್ಲಾಡುತ್ತಾನೆ ಎಂದರು. ನಾವೆಲ್ಲ ಮುಖಮುಖ ನೋಡಿಕೊಂಡೆವು. ಅಕ್ಕ ಕೌಂಟರ್ ಬಿಟ್ಟು ಬಂದು, ಶಿಲುಬೆಯ ಗುರುತು ಮಾಡಿಕೊಂಡು ಕುರ್ಚಿಯಲ್ಲಿ ಕೂತರು.

“ಬೀಳ್ಸಿದ್ರೆ ನೋಡಿ ಡಾಕ್ಟ್ರೇ, ನಾಳೆಯಿಂದ ನಿಮ್ಮ ಅಪಾಯಿಂಟ್‌ಮೆಂಟ್ ಎಲ್ಲ ನೀವೇ ಬರ್ಕೊಳ್ಬೇಕು.” ಗಂಡನ ಕಡೆ ತಿರುಗಿ, “ನೀವು ನಗ್ಬೇಡಿ, ಗಟ್ಟಿ ಹಿಡ್ಕೊಳ್ಳಿ” ಎಂದರು.

ಅಕ್ಕ ಕಣ್ಣು ಮುಚ್ಚಿಕೊಂಡು ‘ಜೇಜು ಜೇಜು’ ಎನ್ನುತ್ತಿದ್ದಂತೆ ನಾವು ಇಳಿದೆವು. ಕೋಚ್ ಎದುರಿಗೇ ಇದ್ದರೂ ಅವತ್ತು ನನಗೆ ಕೇಳುವ ಹಾಗೆ ಪ್ರತಿ ಮೆಟ್ಟಿಲಿಗೂ ನೋವಿನ ಅಂಕಿ ಹೇಳುತ್ತಾ ಬಂದರು. ಕೆಳಗಿನ ಮೆಟ್ಟಿಲಿಗೂ ಮೂರು ದಾಟಲಿಲ್ಲ. ಮರುದಿನ ಬಾವು ಇರಲಿಲ್ಲ. ಸರ್ಜನ್, “ಹೋಗಲಿ ಬಿಡಿ, ನೀವಿಬ್ಬರೂ ನನ್ನ ಮಾತು ಎಲ್ಲಿ ಕೇಳುತ್ತೀರಿ” ಎಂದು ಒಪ್ಪಿದರು. ರಜೆ ಶುರುವಾದ ವಾರವೇ ಕೋಚ್ ವಿಮಾನ ಹತ್ತಿದರು.

ಗೆಳೆಯನನ್ನು ಇಳಿಸುವ ದಿನ ಶನಿವಾರ. ಅವರಿಗೆ ಬೆಳಿಗ್ಗೆ, ನಮಗೆ ಸಂಜೆಯ ಪಾಳಿ ಶುರುವಾಗುವ ಹೊತ್ತು. ವಿಡಿಯೋ ಕರೆ ಮಾಡುತ್ತೇನೆಂದು ಕೋಚ್ ಹೇಳಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಹೆಂಡತಿ ಸಾರು ಬಡಿಸುತ್ತಾ ಸುಮ್ಮನೆ ಕೇಳಿದಳು.

“ಅಲ್ಲ ಮಾರಾಯ್ರೆ, ಇಳ್ಸುದು ಸರಿ. ಮತ್ತೆ ಹತ್ತಿಸ್ಲಿಕ್ಕೆ ಇಲ್ವಾ?”

ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. ಇಷ್ಟು ತಿಂಗಳು ಇಳಿಯುವುದು, ಇಳಿಯುವುದು, ಅದೊಂದೇ. ಕುರ್ಚಿಯನ್ನು ಹತ್ತಿಸುವಾಗ ಕೆಳಗಿನ ಮೂಲೆಗೆ ಭಾರ ಇನ್ನೂ ಹೆಚ್ಚು. ಮಂಡಿ ಮಡಚಿ ಆ ಭಾರವನ್ನು ಮೇಲೆ ತಳ್ಳಬೇಕು. ಅದನ್ನು ನಾನು ಒಮ್ಮೆಯೂ ಮಾಡಿಸಿರಲಿಲ್ಲ, ಯೋಚಿಸಿಯೂ ಇರಲಿಲ್ಲ. ಸರ್ಜನ್ನರೂ ಕೇ‍ಳಲಿಲ್ಲ, ಕೋಚೂ ಕೇಳಲಿಲ್ಲ. ಅಷ್ಟೂ ಗಂಡಸರಿಗೆ ಹೊಳೆಯದ್ದು ಸಾರಿನ ಸೌಟು ಹಿಡಿದವಳಿಗೆ ಹೊಳೆದಿತ್ತು. ಕೋಚ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಂದೇಶ ಕಳಿಸಿದೆ, ನೋಡಲಿಲ್ಲ. ಗೆಳೆಯ ಕೆಳಗೆ ಕೂತಿರುವಾಗ ಮೂಲೆ ಬಿಟ್ಟುಕೊಡುವ ಮನುಷ್ಯ ಅವರಲ್ಲ ಎಂದು ನನಗೆ ಗೊತ್ತಿತ್ತು. ಹೊಸ ಕೀಲಿನ ಸುತ್ತ ಇನ್ನೂ ಹಸಿಯಾಗಿದ್ದ ಮಾಂಸ ಹರಿದರೆ ಮುಂದಿನ ಗತಿ ಏನು?

ಕರೆ ಬಂದಾಗ ಫೋನ್ ಗೆಳೆಯನ ಮಗಳ ಕೈಯಲ್ಲಿತ್ತು. ಆಗಲೇ ನಾಲ್ವರೂ ಕುರ್ಚಿ ಎತ್ತಿದ್ದರು. ಈಗ ಕೂಗಿ ಅವರ ಗಮನ ಕೆಡಿಸುವಂತಿರಲಿಲ್ಲ. ಅಕ್ಕ, ನಾನು ಉಸಿರು ಬಿಗಿಹಿಡಿದು ನೋಡಿದೆವು. ಕುರ್ಚಿಯಲ್ಲಿ ಕೂತವನು ಒಣಗಿ ಹೋಗಿದ್ದ, ತಲೆಗೆ ಪಟ್ಟಿಯ ಆಸರೆ. ಆದರೆ ಸೆಂಟರ್ ಅವನೇ. ಅವನು ಕರೆ ಕೊಡದೆ ಯಾರ ಕಾಲೂ ಅಲ್ಲಾಡಲಿಲ್ಲ. ಬಾಯಿಂದ ಒಂದು ಒಡೆದ ಸದ್ದು, ‘ಹಟ್’, ಮೈದಾನದಲ್ಲಿ ಆಟ ಶುರುವಾಗಲು ಹಾಕುವ ಕೂಗು. ನಾಲ್ವರು ಒಂದು ಮೆಟ್ಟಿಲು. ಮತ್ತೆ ‘ಹಟ್’. ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ಬಲಗಾಲು ಮೊದಲು. ಮತ್ತೆ ಬಲಗಾಲು.

ಅರ್ಧದಲ್ಲಿ ಎಲ್ಲರೂ ನಿಂತರು. ಕೋಚ್ ಏನೋ ಹೇಳಿದರು, ಗಾಳಿಗೆ ಕೇಳಿಸಲಿಲ್ಲ. ಕುರ್ಚಿಯಲ್ಲಿದ್ದವನು ಅವರನ್ನೇ ನೋಡಿದ. ಮತ್ತೆ ‘ಹಟ್’. ಕೊನೆಗೆ ಕುರ್ಚಿ ನೀರಿನ ಅಂಚಿಗೆ ಬಂತು, ಅವನ ಕಾಲನ್ನು ಎತ್ತಿ ನೀರಿನಲ್ಲಿ ಇಟ್ಟರು. ಅವನು ಕಣ್ಣು ಮುಚ್ಚಿಕೊಂಡ. ಆ ನಾಲ್ವರು ದೊಡ್ಡ ಗಂಡಸರು ಬಟ್ಟೆ ಸಮೇತ ಅವನ ಸುತ್ತ ನೀರಿನಲ್ಲೇ ಕೂತುಬಿಟ್ಟರು. ಅಕ್ಕ ಗೊಳೋ ಎಂದು ಅತ್ತರು.

ಸ್ವಲ್ಪ ಹೊತ್ತಿನ ಮೇಲೆ ಕೋಚ್ ಫೋನ್ ತೆಗೆದುಕೊಂಡರು. “ಭಾಯಿ, ನೋಡಿದೆಯಾ?”

“ಹತ್ತುವುದು ಹೇಗೆ ಕೋಚ್? ಹತ್ತುವುದನ್ನು ನಾವು ಮಾಡಿಯೇ ಇಲ್ಲ!”

“ನಾನು ಹತ್ತಿಸುವುದಿಲ್ಲ” ಎಂದರು. “ಅರ್ಧ ಇಳಿದಾಗ ಆರಕ್ಕೆ ಬಂತು. ನಿಂತು ಹೇಳಿದೆ, ನೋವಾಗ್ತಿದೆ, ಇಳಿಸುತ್ತೇನೆ, ಆದರೆ ಮೇಲೆ ತರಲು ನನ್ನಿಂದಾಗದು, ನನ್ನ ಮೂಲೆ ಬೇರೆಯವರು ಹಿಡಿಯಿರಿ ಅಂತ. ಎಲ್ಲರ ಎದುರಿಗೇ ಹೇಳಿದೆ.”

ಹಿಂದಿನಿಂದ ಕುರ್ಚಿಯವನು ತೊದಲಿದ. ಮಗಳು ನಮಗೆ ಬಿಡಿಸಿ ಹೇಳಿದಳು, “ಇವನು ತಾನಾಗಿ ಜಾಗ ಬಿಟ್ಟುಕೊಟ್ಟದ್ದು ಇದೇ ಮೊದಲು ಅಂತಿದ್ದಾರೆ ಅಪ್ಪ. ಆ ಜಾಗ ಈಗ ನನ್ನದು.” ಅವಳೂ ತಂದೆಯ ಹಾಗೆ ಅಗಲ ಭುಜದ ಹೆಣ್ಣು. ಕೋಚ್ ಅವಳಿಗೆ ಕುರ್ಚಿಯ ಅಡಿಗೆ ಕಟ್ಟಿದ ಕೋಲನ್ನು ಎಲ್ಲಿ ಹಿಡಿಯಬೇಕು, ಸೊಂಟ ಎಷ್ಟು ತಗ್ಗಬೇಕು ಎಂದು ಅವಳ ಪಕ್ಕದಲ್ಲೇ ನಿಂತು ತೋರಿಸಿದರು. ನನಗೆ ಅವರ ಮೇಲೆ ಉಕ್ಕಿದ ಪ್ರೀತಿಯನ್ನು ಹೇಗೆ ಹೇಳಲಿ? ಮಂಡಿ ಮಡಚಿದ್ದಕ್ಕೆ, ಬಾವು ಇಳಿದದ್ದಕ್ಕೆ ನಾನು ಎಷ್ಟೋ ಸಲ ಖುಷಿಪಟ್ಟಿದ್ದೇನೆ. ಒಬ್ಬ ಪೇಷಂಟ್ ತನಗೆ ನೋವಾಗುತ್ತಿದೆ ಎಂದು ಹೇಳಿದ್ದಕ್ಕೆ ಕಣ್ಣೀರು ಬರುವಷ್ಟು ಖುಷಿಪಟ್ಟದ್ದು ಅದೊಂದೇ ಸಲ.

ಫೋನನ್ನು ದಡದ ಕಂಬಕ್ಕೆ ಒರಗಿಸಿಟ್ಟರು. ಕುರ್ಚಿ ಮೇಲೆದ್ದಿತು. ಕೋಚ್ ಮಾತ್ರ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ, ಖಾಲಿ ಕೈಗಳನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ನಿಂತಿದ್ದರು. ಮೇಲಿನಿಂದ ಆ ಒಡೆದ ದನಿ ಕೇಳಿಸಿತು, ‘ಹಟ್’. ಕುರ್ಚಿ ಹಿಡಿದ ನಾಲ್ವರ ಕಾಲು ಒಟ್ಟಿಗೆ ಎದ್ದವು. ಕೆಳಗೆ ನೀರಿನಲ್ಲಿ ಕೋಚ್‌ರ ಕಾಲೂ ಎದ್ದಿತು.